ಹಳೇ ಇಂಡಿಕಾ ಡೀಸೆಲ್‌ಗೆ ಟರ್ಬೊ ಕೂರಿಸುವುದು

"ಟರ್ಬೊ ಹಾಕಿದ್ರೆ ಪಿಕಪ್ ಎಷ್ಟು ಜಾಸ್ತಿ ಆಗ್ತದೆ?" ಕಟಪಾಡಿಯಲ್ಲಿರುವ ನನ್ನ ಶೆಡ್ಡಿಗೆ ಬರುವ ಹುಡುಗರ ಮೊದಲ ಪ್ರಶ್ನೆ ಇದು. ನಾನು ತಿರುಗಿ ಕೇಳುವುದು ಬೇರೆಯೇ: ಟರ್ಬೊಕ್ಕೆ ಹೋದ ಆಯಿಲ್ ವಾಪಸ್ ಎಲ್ಲಿಗೆ ಬಿಡ್ತೀರಿ? ಬಿಸಿ ಎಷ್ಟಾಯಿತು ಅಂತ ಹೇಗೆ ನೋಡ್ತೀರಿ? ಈ ಎರಡಕ್ಕೆ ಉತ್ತರ ಇದ್ದರೆ ಉಳಿದದ್ದು ಬರೀ ಸ್ಪ್ಯಾನರ್ ತಿರುಗಿಸುವ ಕೆಲಸ.

ನಾನು ಹೇಳುತ್ತಿರುವುದು ಟರ್ಬೊ ಇಲ್ಲದ ಹಳೇ ಇಂಡಿಕಾದ 1405 ಸಿಸಿ ಎಂಜಿನ್ ಬಗ್ಗೆ. ನಮ್ಮ ಕಡೆ ಬಾಡಿಗೆಗೆ ಓಡಿದ ಗಾಡಿಗಳು ಇನ್ನೂ ಬೇಕಾದಷ್ಟು ಸಿಗುತ್ತವೆ. ಡೀಸೆಲ್ ಎಂಜಿನ್ನಿಗೆ ಗಾಳಿ ಎಷ್ಟು ಕೊಟ್ಟರೂ ಬೇಡ ಅನ್ನುವುದಿಲ್ಲ. ಘಾಟಿಯಲ್ಲಿ ಕಪ್ಪು ಹೊಗೆ ಬರುತ್ತದಲ್ಲ, ಅದು ಗಾಳಿ ಸಾಲದೆ ಅರ್ಧ ಉರಿದ ಡೀಸೆಲ್. ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗುವ ಗಾಳಿ ಪಂಪ್. ಅದು ಒತ್ತಿ ಗಾಳಿ ತುಂಬಿದರೆ ಅದೇ ಡೀಸೆಲ್ ಪೂರ್ತಿ ಉರಿಯುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ಎಂಜಿನ್ನಿಗೆ ತೊಂದರೆ ಕಡಿಮೆ. ಡೀಸೆಲ್ ಜಾಸ್ತಿ ಮಾಡಿದಾಗ ಶಕ್ತಿಯೂ ಬರುತ್ತದೆ, ಬಿಸಿಯೂ ಬರುತ್ತದೆ.

ಕಾನೂನು ಮೊದಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಗಾಡಿ ಕೆಎ 19 ಇರಲಿ, 20 ಇರಲಿ, ಆರ್‌ಟಿಒದಲ್ಲಿ ಬರೆದು ಕೇಳಿ, ಇನ್ಶೂರೆನ್ಸಿನವರಿಗೂ ತಿಳಿಸಿ. ಅನುಮತಿ ಇಲ್ಲದಿದ್ದರೆ ಗಾಡಿ ನಿಮ್ಮ ಜಾಗದೊಳಗೇ ಓಡಲಿ, ರಸ್ತೆಗೆ ಬೇಡ.

ಈಗ ಎಂಜಿನ್ ಗಟ್ಟಿ ಉಂಟಾ ನೋಡಿ. ಐಡಲ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದು ತಲೆಕೆಳಗಾಗಿ ಅಲ್ಲೇ ಇಡಿ. ಸ್ವಲ್ಪ ಅಲುಗಿದರೆ ಸರಿ. ಕುಣಿದು ಕೆಳಗೆ ಬಿದ್ದರೆ ಪಿಸ್ಟನ್ ರಿಂಗ್ ಹೋಗಿದೆ ಅಂತ ಲೆಕ್ಕ, ಟರ್ಬೊ ದುಡ್ಡು ಎಂಜಿನ್ ಬೋರಿಂಗ್‌ಗೆ ಇಡಿ. ಆಮೇಲೆ ಹೀಟರ್ ಪ್ಲಗ್ ಎಲ್ಲ ಕಳಚಿ, ಎಂಜಿನ್ ಬಿಸಿ ಇರುವಾಗಲೇ ಕಂಪ್ರೆಷನ್ (ಪಿಸ್ಟನ್ ಸಿಲಿಂಡರ್ ಒಳಗೆ ಗಾಳಿಯನ್ನು ಒತ್ತುವ ಒತ್ತಡ) ನೋಡಿ. ಡೀಸೆಲ್ ಗೇಜ್ ಬೇಕು, ಪೆಟ್ರೋಲ್ ಗಾಡಿಯದು ತಡೆಯುವುದಿಲ್ಲ. 25 ಬಾರ್ ಮೇಲಿದ್ದು, ನಾಲ್ಕು ಸಿಲಿಂಡರ್‌ಗಳ ನಡುವೆ 3 ಬಾರ್‌ಗಿಂತ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೆ ಮುಂದುವರಿಯಬಹುದು. ಕ್ಲಚ್ ಜಾರುತ್ತಿದ್ದರೆ, ರೇಡಿಯೇಟರ್ ಕಟ್ಟಿದ್ದರೆ ಅದೂ ಈಗಲೇ ಆಗಲಿ.

ಟರ್ಬೊ ಯಾವುದು? ಟಾಟಾದವರೇ ಇದೇ 1405 ಸಿಸಿ ಎಂಜಿನ್ನಿಗೆ ಟರ್ಬೊ ಹಾಕಿ ಇಂಡಿಗೊದಲ್ಲಿ ಮಾರಿದ್ದಾರೆ. ಹಾಗಾಗಿ ನನ್ನ ಓಟು ಅದಕ್ಕೇ. ಗುಜರಿಯಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಒಟ್ಟು ಸೇರಿಸುವ ಕೊಳವೆ), ಟರ್ಬೊ, ಆಯಿಲ್ ಪೈಪ್, ಡ್ರೇನ್ ಪೈಪ್ ಎಲ್ಲ ಒಂದೇ ಗಾಡಿಯದ್ದು ಸೆಟ್ಟಾಗಿ ಸಿಕ್ಕಿದರೆ ಬಿಡಬೇಡಿ. ನಿಮ್ಮ ಗಾಡಿಯ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಜೇಬಲ್ಲಿಟ್ಟುಕೊಂಡು ಹೋಗಿ, ಅಲ್ಲೇ ಇಟ್ಟು ತೂತು ಹೊಂದುತ್ತದಾ ನೋಡಿ. ಸ್ವಿಫ್ಟ್ ಡೀಸೆಲ್‌ನ ಸಣ್ಣ ಬೋರ್ಗ್‌ವಾರ್ನರ್ ಕೆಪಿ35 ಕೂಡ ಅಳತೆಯಲ್ಲಿ ಹತ್ತಿರದ್ದೇ. ಆದರೆ ಅದಕ್ಕೆ ಮ್ಯಾನಿಫೋಲ್ಡಿಗೆ ಜೋಡಿಸುವ ಫ್ಲ್ಯಾಂಜ್ ಮಾಡಿಸಬೇಕು, ವೇಸ್ಟ್‌ಗೇಟ್ (ಒತ್ತಡ ಮಿತಿ ಮೀರದ ಹಾಗೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ತೆರೆಯುವ ಒತ್ತಡ ಇಳಿಸಬೇಕು. ದೊಡ್ಡ ಟೆಂಪೊ, ಲಾರಿಯ ಟರ್ಬೊ ಸುಮ್ನೆ ಭಾರ. ಈ ಎಂಜಿನ್ ಅದನ್ನು ತಿರುಗಿಸುವಷ್ಟರಲ್ಲಿ ನೀವು ಗೇರ್ ಬದಲಿಸಿ ಆಗಿರುತ್ತದೆ.

ಕೊಳ್ಳುವ ಮುಂಚೆ ಶಾಫ್ಟ್ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ತುಸು ಆಟ ಇರಬಹುದು, ಆದರೆ ಬ್ಲೇಡ್ ಸುತ್ತಲಿನ ಕವಚಕ್ಕೆ ತಾಗಬಾರದು. ಹಿಂದೆ ಮುಂದೆ ಎಳೆದರೆ ಬೆರಳಿಗೆ ಆಟ ಗೊತ್ತಾಗಲೇಬಾರದು. ಗೊತ್ತಾದರೆ ವಾಪಸ್ ಕೊಟ್ಟು ಬನ್ನಿ, ಅಂಗಡಿಯವರು ಎಷ್ಟೇ ಇಳಿಸಿ ಕೊಡಲಿ.

ಈಗ ಆಯಿಲ್. ಟರ್ಬೊಕ್ಕೆ ಆಯಿಲ್ ತರುವುದು ಸುಲಭ. ಆಯಿಲ್ ಪ್ರೆಷರ್ ಸ್ವಿಚ್ ಕಳಚಿ, ಆ ಜಾಗಕ್ಕೆ ಟಿ ಹಾಕಿ, ಒಂದು ಬಾಯಿಗೆ ಸ್ವಿಚ್, ಇನ್ನೊಂದಕ್ಕೆ ಪೈಪ್. ತಾಮ್ರದ ಪೈಪ್ ಬೇಡ ಮಾರಾಯ್ರೇ. ಎಂಜಿನ್ ಅದುರಿ ಅದುರಿ ತಾಮ್ರ ಗಡುಸಾಗಿ ಬಿರುಕು ಬಿಡುತ್ತದೆ, ಕೆಳಗೆ ಕೆಂಪಗೆ ಕಾದ ಮ್ಯಾನಿಫೋಲ್ಡ್ ಉಂಟು. ಸ್ಟೀಲ್ ಹೆಣೆದ ಹೋಸ್ ಹಾಕಿ.

ಕಷ್ಟ ಇರುವುದು ವಾಪಸ್ ಬರುವ ಕಡೆ. ಒಳಗೆ ಹೋಗುವಾಗ ಒತ್ತಡ ಇರುತ್ತದೆ, ಹೊರಗೆ ಬರುವಾಗ ಇರುವುದಿಲ್ಲ. ಉಕ್ಕಿದ ಗಂಜಿಯ ಹಾಗೆ ನೊರೆ ನೊರೆಯಾಗಿ, ತನ್ನ ಭಾರಕ್ಕೇ ಇಳಿಯಬೇಕು. ಅದಕ್ಕೆ ಡ್ರೇನ್ ಪೈಪಿನ ಒಳಗಿನ ಅಗಲ 12 ಮಿ.ಮೀ.ಗಿಂತ ಕಡಿಮೆ ಬೇಡ, 16 ಇದ್ದರೆ ಒಳ್ಳೆಯದು. ಟರ್ಬೊದಿಂದ ಚೇಂಬರ್‌ವರೆಗೆ (ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ) ಇಳಿಜಾರೇ ಇರಲಿ, ನಡುವೆ ತಗ್ಗಿ ಮೇಲೇಳಬಾರದು. ಚೇಂಬರ್ ಕಳಚಿ, ಆಯಿಲ್ ಮಟ್ಟಕ್ಕಿಂತ ಮೇಲೆ ತೂತು ಕೊರೆದು, ಲೇತ್‌ನಲ್ಲಿ ಮಾಡಿಸಿದ ಕೊಳವೆ ತುಂಡನ್ನು ವೆಲ್ಡ್ ಮಾಡಿಸಿ. ಕಳಚದೆಯೇ ಕೊರೆಯುತ್ತೇನೆ ಅನ್ನುವ ಮೆಕ್ಯಾನಿಕ್ಕಿಗೆ ಗಾಡಿ ಕೊಡಬೇಡಿ, ಕಬ್ಬಿಣದ ಪುಡಿ ಬೇರಿಂಗ್ ಸೇರುತ್ತದೆ.

ಡ್ರೇನ್ ಕಟ್ಟಿಕೊಂಡರೆ ಆಯಿಲ್ ಸೀಲ್ ದಾಟಿ ಗಾಳಿಯ ಕಡೆ ಹೋಗುತ್ತದೆ. ನೀಲಿ ಹೊಗೆ ಬರುತ್ತದೆ, ಎಲ್ಲರೂ ಟರ್ಬೊವನ್ನು ಬೈಯುತ್ತಾರೆ. ಜಾಸ್ತಿ ಹೋದರೆ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ಕೈಮೀರಿ ರೇಸ್ ಆಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಆಗ ಟಾಪ್ ಗೇರ್ ಹಾಕಿ, ಬ್ರೇಕ್ ಗಟ್ಟಿ ಒತ್ತಿ ಕ್ಲಚ್ ಬಿಡಿ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಳಿ ಬಾಯಿ ಮುಚ್ಚುವಷ್ಟು ಅಗಲದ ಹಲಗೆ ಪಕ್ಕದಲ್ಲಿರಲಿ. ಕೈ ಅಡ್ಡ ಹಿಡಿಯಬೇಡಿ.

ಸ್ಟಾರ್ಟ್‌ಗೆ ಮುಂಚೆ ಟರ್ಬೊದ ಬಾಯಿಗೆ ಹೊಸ ಆಯಿಲ್ ಹೊಯ್ದು ಕೈಯಿಂದ ತಿರುಗಿಸಿ. ಎಂಜಿನ್ ಹೊತ್ತಿಕೊಳ್ಳದ ಹಾಗೆ ಡೀಸೆಲ್ ಪಂಪಿನ ಸೊಲೆನಾಯ್ಡ್ ವಯರ್ ಕಳಚಿ, ಡ್ರೇನ್‌ನಲ್ಲಿ ಆಯಿಲ್ ಕಾಣುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ.

ಗಾಳಿಯ ಹೋಸ್ ಸಿಲಿಕಾನ್‌ದು ಹಾಕಿ, ರೇಡಿಯೇಟರ್ ಹೋಸ್ ಆಯಿಲ್ ತಾಗಿ ಉಬ್ಬುತ್ತದೆ. ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್ ಟರ್ಬೊಕ್ಕಿಂತ ಮುಂಚೆ ಸೇರಬೇಕು, ಆಮೇಲಲ್ಲ. ಫಿಲ್ಟರಿನ ಬಾಯಿ ಬಂಪರ್ ಕೆಳಗೆ ಬೇಡ, ಜುಲೈ ತಿಂಗಳ ರಸ್ತೆ ನಿಮಗೆ ಗೊತ್ತಲ್ವಾ. ಸೈಲೆನ್ಸರ್ ಪೈಪ್ 2 ಇಂಚು ಸಾಕು. ಭಾರ ಟರ್ಬೊದ ಮೇಲೆ ನೇತಾಡದ ಹಾಗೆ ಬ್ರಾಕೆಟ್ ಕೊಟ್ಟು, ನಡುವೆ ಫ್ಲೆಕ್ಸಿಬಲ್ ಪೈಪ್ ಹಾಕಿಸಿ. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇದ್ದರೆ ಒಳ್ಳೆಯದೇ, ಆದರೆ ನಾನು ಹೇಳುವ ಒತ್ತಡಕ್ಕೆ ಕಡ್ಡಾಯ ಅಲ್ಲ. ಆ ಒತ್ತಡ 0.5 ಬಾರ್, ಅಂದರೆ ಸುಮಾರು 7 ಪೌಂಡ್. ಟರ್ಬೊ ಇಲ್ಲದ ಈ ಎಂಜಿನ್ನಿನ ಕಂಪ್ರೆಷನ್ ಮೊದಲೇ ಜಾಸ್ತಿ, ಅದರ ಮೇಲೆ ಇನ್ನೂ ಒತ್ತಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಎರಡು ಮೀಟರ್ ಬೇಕು: ಟರ್ಬೊ ಕೊಡುವ ಗಾಳಿಯ ಒತ್ತಡ (ಬೂಸ್ಟ್) ತೋರಿಸುವ ಬೂಸ್ಟ್ ಗೇಜ್, ಮತ್ತೆ ಹೊಗೆಯ ಬಿಸಿ ತೋರಿಸುವ ಪೈರೊಮೀಟರ್. ಬೂಸ್ಟ್ ಗೇಜ್ ಚಂದಕ್ಕೆ ಎಲ್ಲರೂ ಹಾಕುತ್ತಾರೆ, ಪೈರೊಮೀಟರಿಗೆ ದುಡ್ಡಿಲ್ಲ ಅನ್ನುತ್ತಾರೆ. ಪಿಸ್ಟನ್ ಉಳಿಸುವುದು ಅದೇ. ಬಿಸಿ ಅಳೆಯುವ ಅದರ ಕೆ ಟೈಪ್ ಕಡ್ಡಿ ಟರ್ಬೊಕ್ಕಿಂತ ಮುಂಚೆ, ಮ್ಯಾನಿಫೋಲ್ಡ್‌ನಲ್ಲೇ ಕೂರಬೇಕು. ತೂತು ಕೊರೆದು ಟ್ಯಾಪ್ ಹೊಡೆಯುವುದು ಮ್ಯಾನಿಫೋಲ್ಡ್ ಮೇಜಿನ ಮೇಲಿರುವಾಗ. ಒಂದು ಚೂರು ಲೋಹ ಉಳಿದರೂ ಟರ್ಬೈನ್ ಬ್ಲೇಡ್ ಮುರಿಯುತ್ತದೆ.

ಡೀಸೆಲ್ ಪಂಪ್ ಕೊನೆಗೆ. ಮೊದಲು ಮುಟ್ಟದೆಯೇ ಓಡಿಸಿ ನೋಡಿ. ಬಾಷ್ ವಿಇ ಪಂಪ್ ಆಗಿದ್ದರೆ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಫುಲ್ ಲೋಡ್ ಸ್ಕ್ರೂ ಹಿಂದೆ ಇರುತ್ತದೆ. ಲಾಕ್‌ನಟ್ ಸಡಿಲಿಸಿ, ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಪಾಲಿಗಿಂತ ಜಾಸ್ತಿ ತಿರುಗಿಸಬೇಡಿ. ಟರ್ಬೊ ಗಾಡಿಯ ಪಂಪಿನ ತಲೆಯ ಮೇಲೆ ಬೂಸ್ಟ್ ನೋಡಿ ಡೀಸೆಲ್ ಏರಿಸುವ ಡಯಾಫ್ರಾಮ್ ಇರುತ್ತದೆ, ನಿಮ್ಮದರಲ್ಲಿ ಇಲ್ಲ. ಹಾಗಾಗಿ ಸ್ಕ್ರೂ ಜಾಸ್ತಿ ಒಳಗೆ ಹೋದರೆ ಬೂಸ್ಟ್ ಬರುವ ಮುಂಚೆಯೇ ಕಪ್ಪು ಹೊಗೆ. ಈ ಹಳೇ ಗಾಡಿಗಳಿಗೆ ಹೊಗೆ ಪರೀಕ್ಷೆಯ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆ ಅಳೆಯುವ ಮಾನ), ಅದನ್ನು ದಾಟಿದರೆ ಸರ್ಟಿಫಿಕೇಟ್ ಸಿಗುವುದಿಲ್ಲ.

ಕಾಗದಪತ್ರ ಸರಿಯಾಗಿದ್ದರೆ ಟೆಸ್ಟಿಗೆ ಆಗುಂಬೆ ಘಾಟಿಯಷ್ಟು ಒಳ್ಳೆಯ ಜಾಗ ಇಲ್ಲ. ಹೆದ್ದಾರಿಯಲ್ಲಿ ಪಡುಬಿದ್ರಿವರೆಗೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ನಾಲ್ಕು ಜನ ಕೂತು, ಎಸಿ ಹಾಕಿ, ಸೋಮೇಶ್ವರದಿಂದ ಹತ್ತಿ. ಪಕ್ಕದ ಸೀಟಿನವರು ಪೈರೊಮೀಟರ್ ಮಾತ್ರ ನೋಡುತ್ತಿರಲಿ, ನಿಮ್ಮ ಕಣ್ಣು ತಿರುವಿನ ಮೇಲೆ. ಎಳೆತದಲ್ಲಿ 650 ಡಿಗ್ರಿ ಆಸುಪಾಸು ನಿಂತರೆ ಚಿಂತೆ ಇಲ್ಲ. 700 ದಾಟಲು ಹೊರಟರೆ ಕಾಲು ಎತ್ತಿ, ಗೇರ್ ಇಳಿಸಿ. ಮನೆಗೆ ಬಂದು ಸ್ಕ್ರೂ ಹಿಂದಕ್ಕೆ ತಿರುಗಿಸಿ. ಘಾಟಿಯ ತುದಿ ಮುಟ್ಟಿದ ಮೇಲೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ, ಇಲ್ಲದಿದ್ದರೆ ಬಿಸಿ ಟರ್ಬೊದೊಳಗೆ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ.

ಆಯಿಲ್ 15ಡಬ್ಲ್ಯೂ-40, ಡಬ್ಬಿಯ ಮೇಲೆ ಟರ್ಬೊ ಡೀಸೆಲ್‌ಗೆ ಅಂತ ಇರುವುದೇ ಬೇಕು, 5000 ಕಿ.ಮೀ.ಗೆ ಬದಲಿಸಿ. 500 ಕಿ.ಮೀ. ಓಡಿದ ಮೇಲೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮ್ಯಾನಿಫೋಲ್ಡ್ ನಟ್ಟುಗಳನ್ನೆಲ್ಲ ಇನ್ನೊಂದು ಸಲ ಬಿಗಿ ಮಾಡಿ, ಟಾರ್ಚ್ ಹಿಡಿದು ಡ್ರೇನ್ ಪೈಪಿನ ಎರಡೂ ತುದಿ ಒದ್ದೆ ಉಂಟಾ ನೋಡಿ.