ಟೋಕಿಯೊದಲ್ಲಿ ತಿಂಗಳು ನೋಡಿ ಉಡುವುದು

ಟೋಕಿಯೊ ಎಂದೊಡನೆ ಹರಾಜುಕುವಿನ ಗುಲಾಬಿ ಕೂದಲು, ಗೊಂಬೆಯಂತೆ ಸಿಂಗರಿಸಿಕೊಂಡ ಹುಡುಗಿಯರು ನೆನಪಾಗುವುದು ನಮ್ಮ ಕಡೆ ಇನ್ನೂ ತಪ್ಪಿಲ್ಲ. ಬೆಂಗಳೂರು, ಚೆನ್ನೈ, ಪುಣೆಗಳಿಂದ ಬಂದ ಐಟಿ ಕುಟುಂಬಗಳು ನೆಲೆಸಿರುವ ನಿಶಿ ಕಸಾಯಿಯಲ್ಲಿ ಮನೆ ಮಾಡಿಕೊಂಡು, ಬೆಳಗಿನ ತೋಜಾಯ್ ಮಾರ್ಗದ ರೈಲಿನಲ್ಲಿ ನಿಂತೇ ಕಚೇರಿಗೆ ಹೋಗುವ ನನಗೆ ಕಾಣುವುದು ಬೇರೆಯದೇ ನೋಟ. ಕಡುನೀಲಿ, ಬೂದು, ಕಪ್ಪು, ಗೋಧಿಬಣ್ಣಗಳು; ಮೈಗೆ ಅಂಟದ ಸಡಿಲ ಪ್ಯಾಂಟುಗಳು; ಹೊಟ್ಟೆಯ ಬಳಿ ಎಷ್ಟೇ ಅಗಲವಿದ್ದರೂ ಭುಜದ ಹೊಲಿಗೆ ಕರಾರುವಾಕ್ಕಾಗಿ ಭುಜದ ಮೇಲೆಯೇ ಕೂತ ಅಂಗಿಗಳು.

ಈ ನೋಟಕ್ಕೆ ಹೊಂದಿಕೊಳ್ಳಲು ನಾನು ಮೊದಲು ಮಾಡಿದ ಕೆಲಸವೆಂದರೆ ಬೀರುವನ್ನು ಜೋಡಿಸುವ ಕ್ರಮವನ್ನೇ ಬದಲಾಯಿಸಿದ್ದು. ಮನೆಯಲ್ಲಿ ಉಡುವುದು, ಕಚೇರಿಗೆ ಉಡುವುದು, ಮದುವೆ ಮುಂಜಿಗಳಿಗೆ ತೆಗೆದಿರಿಸಿದ ರೇಷ್ಮೆ ಎಂದು ಸಂದರ್ಭದ ಪ್ರಕಾರ ವಿಂಗಡಿಸುವುದು ನಮ್ಮ ವಾಡಿಕೆ. ಇಲ್ಲಿ ಬಟ್ಟೆಯನ್ನು ಆಳುವುದು ತಿಂಗಳು. ಜಪಾನಿನ ಹಳೆಯ ಹೇಯಾನ್ ಕಾಲದ ಆಸ್ಥಾನದಿಂದ ಬಂದ ಕೊರೊಮೊಗಾಯೆ, ಅಂದರೆ ಋತುವಿಗೆ ತಕ್ಕಂತೆ ಉಡುಪು ಬದಲಿಸುವ ಪದ್ಧತಿಯ ಪ್ರಕಾರ ಜೂನ್ 1ರಂದು ಬೇಸಿಗೆಯ ಉಡುಪಿಗೂ ಅಕ್ಟೋಬರ್ 1ರಂದು ಚಳಿಗಾಲದ ಉಡುಪಿಗೂ ಬದಲಾಗಬೇಕು. ಸೆಕೆ ಬೇಗ ಬಂದು ತಡವಾಗಿ ಹೋಗತೊಡಗಿದ ಮೇಲೆ ಅನೇಕ ಶಾಲೆ, ಕಂಪನಿಗಳು ಈ ದಿನಾಂಕಗಳನ್ನು ಸಡಿಲಿಸಿದ್ದರೂ ಜನರ ಕಣ್ಣು ಮಾತ್ರ ಸಡಿಲಗೊಂಡಿಲ್ಲ. ಆಗಸ್ಟ್ ಕೊನೆಯಲ್ಲಿ, ಬೆವರು ಇನ್ನೂ ಧಾರಾಕಾರವಾಗಿ ಇಳಿಯುತ್ತಿರುವಾಗಲೇ, ರೈಲಿನಲ್ಲಿ ಕಂದು, ಸಾಸಿವೆ, ಕಾಡುಹಸಿರು ಬಣ್ಣಗಳು ಕಾಣಿಸಿಕೊಳ್ಳುತ್ತವೆ. ಹತ್ತಿರದಿಂದ ನೋಡಿದರೆ ಅವೆಲ್ಲವೂ ತೆಳು ಹತ್ತಿ, ಇಲ್ಲವೇ ನಾರಗಸೆಯ (ಲಿನನ್) ಬಟ್ಟೆಗಳು. ಸೆಕೆಯನ್ನು ತಡೆಯಲು ನೂಲು ಬೇಸಿಗೆಯದು, ಮರ್ಯಾದೆಗೆ ಬಣ್ಣ ಶರತ್ಕಾಲದ್ದು. ಈ ಜಾಣತನವನ್ನು ನಾನು ಹಾಗೆಯೇ ಎತ್ತಿಕೊಂಡೆ. ನನ್ನ ಇಳಕಲ್ ಸೀರೆಗಳಲ್ಲಿ ಕಡುಗೆಂಪಿನವು ಈಗ ಸೆಪ್ಟೆಂಬರಿಗೆ ಮೀಸಲು.

ಚಳಿಗಾಲದಲ್ಲಿ ಸೀರೆ ಉಡುವ ಉಪಾಯ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಜನವರಿಯ ಬೆಳಗಿನ ಉಷ್ಣಾಂಶ ಶೂನ್ಯದ ಆಸುಪಾಸಿಗೆ ಇಳಿಯುತ್ತದೆ. ರೈಲು ಮತ್ತು ಕಚೇರಿಗಳಲ್ಲಿ ಮಾತ್ರ ಹೀಟರ್ ಉರಿಯುತ್ತಿರುತ್ತದೆ. ಆದ್ದರಿಂದ ಒಂದೇ ದಪ್ಪ ಬಟ್ಟೆ ನಿಷ್ಪ್ರಯೋಜಕ; ತೆಳುವಾದ, ಒಂದೊಂದಾಗಿ ಕಳಚಬಹುದಾದ ಪದರಗಳು ಬೇಕು. ಇಲ್ಲಿನ ಬಟ್ಟೆ ಕಂಪನಿ ಯುನಿಕ್ಲೊ 2003ರಲ್ಲಿ ಮಾರುಕಟ್ಟೆಗೆ ತಂದ ಹೀಟ್‌ಟೆಕ್ ಒಳ ಅಂಗಿಯ ನೂಲು ಮೈಯಿಂದ ಹೊರಡುವ ತೇವಾಂಶವನ್ನು ಹೀರಿ ಶಾಖವನ್ನಾಗಿ ಬದಲಾಯಿಸುತ್ತದೆ. ಕೊರಳು ತಗ್ಗಾಗಿರುವ ಅಂಗಿಯನ್ನು ಆರಿಸಿಕೊಂಡರೆ ಅದು ಹೊರಗೆ ಇಣುಕುವುದಿಲ್ಲ. ನಾನು ಅದರ ಮೇಲೆ ಕುಪ್ಪಸದ ಬದಲಿಗೆ ತೆಳುವಾದ ಟರ್ಟಲ್‌ನೆಕ್ ಸ್ವೆಟರನ್ನೂ ಲಂಗದೊಳಗೆ ಅದೇ ಜಾತಿಯ ಲೆಗ್ಗಿಂಗನ್ನೂ ತೊಡುತ್ತೇನೆ. ಸೆರಗನ್ನು ಮಡಚಿ, ಕತ್ತಿನ ಸುತ್ತ ಒಂದು ಸುತ್ತು ತಂದು ಪಿನ್ನು ಹಾಕಿದರೆ ಶಾಲು ಬೇಕಾಗುವುದಿಲ್ಲ. ಕೋಟಿನ ತೋಳು ಭುಜದಲ್ಲಿ ಹೊಲಿಗೆಯಿಲ್ಲದೆ ಕೊರಳಿನಿಂದಲೇ ಇಳಿಯುವ ರಾಗ್ಲಾನ್ ಮಾದರಿಯದಾಗಿರಬೇಕು, ಇಲ್ಲವಾದರೆ ಸೆರಗಿನ ಮಡಿಕೆಗಳು ಭುಜದಲ್ಲಿ ಮುದ್ದೆಯಾಗುತ್ತವೆ.

ಕಾಲಿನ ಸಮಸ್ಯೆಯನ್ನು ಪರಿಹರಿಸಿದ್ದು ತಾಬಿ ಕಾಲುಚೀಲ. ಹೆಬ್ಬೆರಳಿಗೆ ಒಂದು, ಉಳಿದ ನಾಲ್ಕಕ್ಕೆ ಒಂದು ಎಂದು ಸೀಳಿರುವ ಈ ಚೀಲ ನಮ್ಮ ಉಂಗುಷ್ಠದ ಚಪ್ಪಲಿಗೆಂದೇ ಹೊಲಿದಂತಿದೆ. ಐದೂ ಬೆರಳುಗಳಿಗೆ ಬೇರೆ ಬೇರೆ ಗೂಡಿರುವ ಚೀಲಗಳೂ ಸಿಗುತ್ತವೆ, ಆದರೆ ಅವು ಕಾಲುಂಗುರವನ್ನು ಒತ್ತಿ ನೋಯಿಸುತ್ತವೆ. ಸಣ್ಣ ದವಾಖಾನೆ, ಹಳೆಯ ಬಗೆಯ ಊಟದ ಮನೆ, ಯಾರದೇ ಮನೆ, ಎಲ್ಲೆಲ್ಲೂ ಪಾದರಕ್ಷೆಯನ್ನು ಬಾಗಿಲಲ್ಲೇ ಬಿಡುವ ಈ ದೇಶದಲ್ಲಿ ಕಾಲುಚೀಲವೂ ಹೊರ ಉಡುಪೇ ಆಗಿರುವುದರಿಂದ ಅದರ ಬಣ್ಣದ ಬಗ್ಗೆಯೂ ಯೋಚಿಸಬೇಕಾಗುತ್ತದೆ.

ಎಲ್ಲವೂ ನನಗೆ ಹಿಡಿಸಿತೆಂದಲ್ಲ. ವಿದ್ಯಾರ್ಥಿಗಳು ಉದ್ಯೋಗ ಹುಡುಕಲು ಹೊರಡುವ ಮಾರ್ಚ್ ತಿಂಗಳಲ್ಲಿ ಕಪ್ಪು ಸೂಟು, ಬಿಳಿ ಶರ್ಟು, ಗಿಡ್ಡ ಹಿಮ್ಮಡಿಯ ಕಪ್ಪು ಶೂ, ನೆಲದ ಮೇಲಿಟ್ಟರೆ ಬೀಳದೆ ತಾನೇ ನಿಲ್ಲುವ ಕಪ್ಪು ಚೀಲ ಹೊತ್ತ ಯುವಕ ಯುವತಿಯರು ಸಕ್ಕರೆ ಅಚ್ಚುಗಳಂತೆ ಸಾಲಾಗಿ ನಡೆಯುವುದನ್ನು ಕಂಡಾಗ ಈಗಲೂ ಕಸಿವಿಸಿಯಾಗುತ್ತದೆ. ಪರಿಸರ ಸಚಿವಾಲಯವು 2005ರಲ್ಲಿ ಆರಂಭಿಸಿದ ಕೂಲ್ ಬಿಜ್ ಅಭಿಯಾನ, ಬೇಸಿಗೆಯಲ್ಲಿ ಏಸಿ ಹಾಕಿದ ಕೋಣೆಯ ಉಷ್ಣಾಂಶವನ್ನು 28 ಡಿಗ್ರಿಗೆ ಇಟ್ಟು ಟೈ, ಕೋಟುಗಳನ್ನು ಬಿಡಿರೆಂದು ಹೇಳಿ ಗಂಡಸರ ಕೊರಳನ್ನು ಬಿಡಿಸಿತು. ಈ ಮಕ್ಕಳ ಪಾಲಿಗೂ ಅಂಥದ್ದೊಂದು ಬರಬಾರದೇ ಎನಿಸುತ್ತದೆ.

ಹೊಸ ಬಟ್ಟೆಗೆ ಸುರಿಯುವ ಹಣ ಉಳಿದದ್ದು ಶಿಮೊಕಿತಾಜಾವಾ ಮತ್ತು ಕೋಎಂಜಿಯ ಹಳೆ ಬಟ್ಟೆಯ ಅಂಗಡಿಗಳಿಂದ. ಯಾರೋ ತೊಟ್ಟು ಬಿಟ್ಟದ್ದನ್ನು ಉಡುವುದೇ ಎಂಬ ಅಳುಕು ನನಗೂ ಇತ್ತು. ಒಳ್ಳೆಯ ಅಂಗಡಿಯ ಚೀಟಿಯಲ್ಲಿ ಭುಜ, ಎದೆ, ತೋಳು, ಉದ್ದಗಳ ಅಳತೆಯನ್ನು ಸೆಂಟಿಮೀಟರುಗಳಲ್ಲಿ ಬರೆದು, ಎಡಗೈ ಪಟ್ಟಿಯಲ್ಲಿರುವ ಸಣ್ಣ ಕಲೆಯನ್ನೂ ನಮೂದಿಸಿರುತ್ತಾರೆ. ಇಲ್ಲಿನ ಹೆಂಗಸರ ಉಡುಪಿನ 9ನೇ ನಂಬರು, ಅಂದರೆ ಎಂ ಸೈಜು, ನನಗೆ ಸೊಂಟದಲ್ಲಿ ಸರಿಹೋದರೆ ತೋಳಿನಲ್ಲಿ ಗಿಡ್ಡವಾಗುತ್ತಿತ್ತು. ಹಾಗಾಗಿ ಚೆನ್ನಾಗಿ ಕೂರುವ ಒಂದು ಅಂಗಿಯ ಅಳತೆಗಳನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಚೀಟಿಯೊಡನೆ ಹೋಲಿಸತೊಡಗಿದೆ, ತೊಟ್ಟು ನೋಡುವ ಗೋಜೇ ಕಡಿಮೆಯಾಯಿತು.

ಉಳಿದಿರುವ ತಕರಾರು ಒಂದೇ, ಜೂನ್ ಆರಂಭದಿಂದ ಜುಲೈ ನಡುವಿನವರೆಗೆ ಜಿನುಗುವ ತ್ಸುಯು ಮಳೆ. ಅಪಾರ್ಟ್‌ಮೆಂಟಿನ ಬಾಲ್ಕನಿಯ ಗಳುವಿನಲ್ಲಿ ಐದೂವರೆ ಮೀಟರಿನ ಸೀರೆಯನ್ನು ನಾಲ್ಕು ಮಡಿಕೆ ಮಾಡದೆ ಹರವಲಾಗದು, ಹಾಗೆ ಹರವಿದ ಹತ್ತಿ ಆ ತೇವದಲ್ಲಿ ಒಣಗುವ ಮೊದಲೇ ಮುಗ್ಗಲು ಹಿಡಿಯುತ್ತದೆ. ಆ ದಿನಗಳಲ್ಲಿ ಜಾರ್ಜೆಟ್ ಉಡುತ್ತೇನೆ. ಹತ್ತಿಯದನ್ನು ಉಡಲೇಬೇಕಾಗಿ ಬಂದರೆ ಮೂಲೆಯ ಕಾಯಿನ್ ಲಾಂಡ್ರಿಯ ಡ್ರೈಯರಿಗೆ ನೂರು ಯೆನ್ನಿನ ನಾಣ್ಯಗಳನ್ನು ಹಾಕುತ್ತಾ ಕೂರುತ್ತೇನೆ.