ಕೆನಡಾ ಪಿಆರ್: 730 ದಿನದ ಲೆಕ್ಕ ನಾನು ಇಟ್ಟ ಬಗೆ

ಕೆನಡಾದಲ್ಲಿ ಪಿಆರ್, ಅಂದರೆ ಕಾಯಂ ನಿವಾಸಿಯ ಸ್ಥಾನ, ಉಳಿಸಿಕೊಳ್ಳಲು ಷರತ್ತು ಒಂದು ಸಾಲಿನದು: ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 730 ದಿನ ಆ ದೇಶದಲ್ಲಿರಬೇಕು. ಜನ ಎಡವುವುದು ‘ಹಿಂದಿನ’ ಎಂಬ ಪದದಲ್ಲಿ. ಆ ಐದು ವರ್ಷದ ಅವಧಿ ಪ್ರತಿದಿನವೂ ಮುಂದಕ್ಕೆ ಸರಿಯುತ್ತಿರುತ್ತದೆ. ಬಂದಿಳಿದಂದಿನಿಂದ ಸತತ 730 ದಿನ ಇದ್ದು ಹೊರಟವರಿಗೆ ಐದು ವರ್ಷ ತುಂಬುವವರೆಗೆ ತೊಂದರೆಯಿಲ್ಲ. ಆಮೇಲೆ ಹಳೆಯ ದಿನಗಳು ಒಂದೊಂದಾಗಿ ಕಳಚಿಕೊಂಡು 729, 728 ಎಂದು ಇಳಿಯುತ್ತ ಹೋಗುತ್ತದೆ. ‘ಎರಡು ವರ್ಷ ಮುಗಿಸಿದ್ದಾಯಿತಲ್ಲ’ ಎಂದುಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಬೇರೆ ದೇಶಗಳ ಕಟ್ಟಳೆ ಬೇರೆ: ಜರ್ಮನಿಯ ಕಾಯಂ ಪರವಾನಗಿಗೆ ಸಾಮಾನ್ಯವಾಗಿ ಆರು ತಿಂಗಳ ಗೈರೇ ಮಿತಿ.

ನಾನು ಎಕ್ಸೆಲ್‌ನಲ್ಲಿ ನಾಲ್ಕೇ ಕಾಲಂ ಇಟ್ಟೆ: ಹೊರಟ ದಿನ, ಮರಳಿದ ದಿನ, ಹೋದ ದೇಶ, ಗೈರು. ದಿನದ ಯಾವ ಹೊತ್ತಿನಲ್ಲಿ ಕೆನಡಾದಲ್ಲಿದ್ದರೂ ಆ ದಿನ ಹಾಜರಿಗೆ ಸೇರುತ್ತದೆ. ಹೊರಟ ದಿನ, ಮರಳಿದ ದಿನ ಎರಡೂ ನಮ್ಮವೇ. ಹಾಗಾಗಿ ಮರಳಿದ ದಿನಾಂಕದಿಂದ ಹೊರಟ ದಿನಾಂಕ ಕಳೆದು, ಮತ್ತೆ ಒಂದು ಕಳೆಯಬೇಕು. ಮಾರ್ಚ್ 10ಕ್ಕೆ ಹೊರಟು ಏಪ್ರಿಲ್ 4ಕ್ಕೆ ಬಂದರೆ ಗೈರು 24 ದಿನ. ಬೆಳಿಗ್ಗೆ ಅಮೆರಿಕಕ್ಕೆ ಹೋಗಿ ರಾತ್ರಿ ಮರಳಿದ ಸಾಲಿನಲ್ಲಿ ಈ ಸೂತ್ರ ಮೈನಸ್ ಒಂದು ತೋರಿಸುತ್ತದೆ, ಅದನ್ನು ಸೊನ್ನೆಗೆ ತಿದ್ದಬೇಕು. ಕೆನಡಾ ಪ್ರಜೆಯಾದ ಗಂಡ ಅಥವಾ ಹೆಂಡತಿಯ ಜೊತೆ ಹೊರದೇಶದಲ್ಲಿ ಕಳೆದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಅವನ್ನು ಬೇರೆ ಹಾಳೆಯಲ್ಲಿ ಇಡುವುದು ಒಳ್ಳೆಯದು, ಏಕೆಂದರೆ ಅವಕ್ಕೆ ಒಟ್ಟಿಗೆ ಇದ್ದ ಪುರಾವೆ ಬೇಕಾಗುತ್ತದೆ.

ಪಾಸ್‌ಪೋರ್ಟಿನ ಮುದ್ರೆ ಒಂದನ್ನೇ ನಂಬಬೇಡಿ. ಕೆನಡಾ ಬಿಡುವಾಗ ಮುದ್ರೆ ಒತ್ತುವುದಿಲ್ಲ. ಭಾರತದ ಮುದ್ರೆಯಲ್ಲಿರುವುದು ಇಲ್ಲಿ ಇಳಿದ ದಿನ. ಅಲ್ಲಿಂದ ಹೊರಟದ್ದು ಅದಕ್ಕೆ ಒಂದೆರಡು ದಿನ ಮೊದಲು. ನಾನು ವಿಮಾನ ಟಿಕೆಟ್ ಮತ್ತು ಬೋರ್ಡಿಂಗ್ ಪಾಸ್ ನೋಡಿಯೇ ತುಂಬಿದೆ. ಗಡಿ ಇಲಾಖೆಯ ಬಳಿ ಹೋದವರ, ಬಂದವರ ದಾಖಲೆ ಇರುತ್ತದೆ. ಕಾರ್ಡ್ ನವೀಕರಣದ ಅರ್ಜಿಯಲ್ಲಿ ನಾವು ಬರೆದ ದಿನಾಂಕಗಳು ಅದಕ್ಕೆ ತಾಳೆಯಾಗದಿದ್ದರೆ ಪ್ರಶ್ನೆ ಏಳುತ್ತದೆ. ಜೊತೆಗೆ ತೆರಿಗೆಯ ಪತ್ರ, ಸಂಬಳದ ಚೀಟಿ, ಬಾಡಿಗೆ ಕರಾರು ವರ್ಷವಾರು ಜೋಡಿಸಿಟ್ಟೆ.

ಪಿಆರ್ ಕಾರ್ಡಿನ ಅವಧಿ ಮುಗಿದ ಮಾತ್ರಕ್ಕೆ ಪಿಆರ್ ಹೋಗುವುದಿಲ್ಲ. ಹೊರದೇಶದಲ್ಲಿದ್ದಾಗ ಮುಗಿದರೆ ಮಾತ್ರ ವಿಮಾನ ಹತ್ತಲು ಪ್ರಯಾಣ ದಾಖಲೆ ಪಡೆಯಬೇಕು, ಅಲ್ಲಿ ದಿನಗಳ ತಪಾಸಣೆ ನಡೆಯುತ್ತದೆ. ದಿನ ಕಡಿಮೆಯಿದ್ದು ಕೆನಡಾದೊಳಗೇ ಇದ್ದರೆ, 730 ತುಂಬಿದ ಮೇಲೆ ನವೀಕರಣಕ್ಕೆ ಹಾಕುವುದೇ ಕ್ಷೇಮ.

ಗಡಿಯಲ್ಲಿ ಕೊರತೆ ಕಂಡು ಅಧಿಕಾರಿ ವರದಿ ಬರೆದರೂ ಆ ಕ್ಷಣಕ್ಕೆ ಪಿಆರ್ ರದ್ದಾಗುವುದಿಲ್ಲ. ಸ್ವಇಚ್ಛೆಯಿಂದ ಬಿಟ್ಟುಕೊಡುವ ಪತ್ರಕ್ಕೆ ಗಾಬರಿಯಲ್ಲಿ ಸಹಿ ಹಾಕಬೇಡಿ, ದಯವಿಟ್ಟು. ಹೊರಹೋಗುವ ಆದೇಶ ಕೊಟ್ಟರೆ ಮೇಲ್ಮನವಿಗೆ 30 ದಿನ, ಹೊರದೇಶದಲ್ಲಿ ಪ್ರಯಾಣ ದಾಖಲೆ ನಿರಾಕರಿಸಿದರೆ 60 ದಿನ ಸಿಗುತ್ತದೆ.