ಮಾತ್ರೆ ನುಂಗಿದೆನಾ, ಇಲ್ಲವಾ? – ನನ್ನ ಅನುಭವ

ಬಿಪಿ ಮಾತ್ರೆ ಶುರುವಾದ ಎರಡೇ ತಿಂಗಳಿಗೆ ಹೊಸ ಚಿಂತೆ ಹತ್ತಿಕೊಂಡಿತು. ಬೆಳಿಗ್ಗೆ ಹತ್ತರ ಹೊತ್ತಿಗೆ 'ಇವತ್ತು ಮಾತ್ರೆ ನುಂಗಿದೆನಾ?' ಎಂಬ ಅನುಮಾನ. ಒಮ್ಮೆ ಎರಡು ಸಲ ನುಂಗಿ ತಲೆ ಸುತ್ತಿ ಕೂತೆ. ಮನೆಯವರೆಲ್ಲ ಹೆದರಿಬಿಟ್ಟರು.

ಮೊಬೈಲಿನಲ್ಲಿ ಅಲಾರಂ ಇಟ್ಟೆ. ಕೈಯಲ್ಲಿ ಕೆಲಸವಿದ್ದರೆ ಅದನ್ನು ಆಫ್ ಮಾಡಿ ಹಾಗೇ ಮರೆಯುತ್ತಿದ್ದೆ. ಯೋಚಿಸಿದಾಗ ಗೊತ್ತಾಯಿತು: ನೆನಪು ಅಳಿಸಿಹೋಗುತ್ತಿರಲಿಲ್ಲ, ಮೊದಲು ಮನಸ್ಸಿನಲ್ಲಿ ಕೂರುತ್ತಲೇ ಇರಲಿಲ್ಲ. ದಿನಾ ಒಂದೇ ಥರ ಮಾಡುವ ಕೆಲಸದಲ್ಲಿ ನಿನ್ನೆಯದೂ ಇವತ್ತಿನದೂ ಕಲೆಸಿಹೋಗುತ್ತವೆ.

ಮೆಡಿಕಲ್ ಶಾಪಿನಲ್ಲಿ ಏಳು ಖಾನೆಗಳ ಡಬ್ಬಿ ತಂದು ಕಾಫಿ ಫಿಲ್ಟರ್ ಪಕ್ಕದಲ್ಲೇ ಇಟ್ಟೆ. ಕಾಫಿ ನಾನು ಮರೆಯುವುದಿಲ್ಲವಲ್ಲ! ನುಂಗುವಾಗ ಗಟ್ಟಿಯಾಗಿ, "ಇವತ್ತು ಸೋಮವಾರ, ಮಾತ್ರೆ ಆಯ್ತು" ಅನ್ನುತ್ತೇನೆ. ಸಂಶಯ ಬಂದರೆ ಖಾನೆ ನೋಡಿದರಾಯಿತು. ಬಾಗಿಲಿಗೆ ಬೀಗ ಹಾಕುವಾಗ, ಗ್ಯಾಸ್ ಆರಿಸುವಾಗಲೂ ಹೀಗೇ ಬಾಯಿಬಿಟ್ಟು ಹೇಳುತ್ತೇನೆ. ಅರ್ಧ ದಾರಿಯಿಂದ ಮನೆಗೆ ವಾಪಸ್ ಓಡುವುದು ನಿಂತಿದೆ.

ಜನರ ಹೆಸರು ನೆನಪಿಡಲು ಬೇರೆ ಉಪಾಯ ಬೇಕಾಯಿತು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿರುತ್ತದೆ ಎಂದು 1885ರಲ್ಲಿ ತೋರಿಸಿದ್ದರು. ಹಾಗಾಗಿ ಹೊಸಬರ ಹೆಸರನ್ನು ಅಲ್ಲೇ ಒಮ್ಮೆ ಕರೆದು, ಅದೇ ಸಂಜೆ, ಮತ್ತೆ ಎರಡು ದಿನ ಬಿಟ್ಟು ನೋಡದೇ ನೆನಪಿಸಿಕೊಳ್ಳುತ್ತೇನೆ.

ಒಂದು ಮಾತು: ಮರೆವು ದಿಢೀರನೆ ಹೆಚ್ಚಿದರೆ ಇಂಥ ಉಪಾಯಗಳನ್ನೇ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಹಾಗಾಗುತ್ತದೆ.